ವಸತಿಬೀದಿಗಳ ಹಾಸು: ವೆಚ್ಚದ ಹೊಣೆಯ ವಿಚಾರ

ಕನ್ನಡದ ‘ಬೀದಿ’ ಎಂಬುದು ಸಂಸ್ಕೃತದ ‘ವೀಥಿ’ ಶಬ್ದದ ತದ್ಭವವೆಂಬುದು ಸರ್ವವಿದಿತವಾದುದು. ಅಮರಸಿಂಹನು ವೀಥಿಯನ್ನು ಆಳಿ, ಆವಳಿ, ಪಂಕ್ತಿ, ಶ್ರೇಣಿ ಎಂಬ ಶಬ್ದಗಳ ಜೊತೆಯಲ್ಲಿ ಪಠಿಸಿರುವನು. ಹಾಗಾದರೆ ಸಾಲು ಎಂಬರ್ಥವುಳ್ಳ ಮಾತೇ ಸಾಲುಮನೆಗಳ ನಡುವಣ ನೆಲಕ್ಕೂ ಹೆಸರಾಗಿ ನಿಂತಿತೆಂದಾಯಿತು. ಈ ಶಬ್ದವಿಚಾರವನ್ನು ಇಲ್ಲಿ ಎತ್ತಿದುದು ಕೇವಲ ವಿನೋದಕ್ಕಾಗಿ ಅಲ್ಲ. ಬೀದಿಯು ಅದರ ಇಕ್ಕೆಲಗಳಲ್ಲಿ ಮನೆಮಾಡಿಕೊಂಡಿರುವವರದೂ ಹೌದು. ಆ ಮನೆಯವರ ಮುಖವನ್ನೇ ಕಂಡರಿಯದ ದಾರಿಹೋಕರದೂ ಹೌದು. ಅದು ಸಾಲಿಗೂ ಸೇರಿದುದು, ಸಂಚಾರಕ್ಕೂ ಸೇರಿದುದು. ಬೀದಿಗೆ ಕಲ್ಲನ್ನೋ ಡಾಂಬರನ್ನೋ ಹಾಸುವ ವೆಚ್ಚವನ್ನು ಯಾರು ಹೊರಬೇಕೆಂಬ ಜಗಳವು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಹುಟ್ಟಿರುವುದು ಈ ಎರಡು ಬಗೆಯ ಸಂಬಂಧದಿಂದಲೇ.

ಮಣ್ಣಿನ ಬೀದಿಯ ಕಷ್ಟವನ್ನು ವರ್ಣಿಸಬೇಕಾದುದಿಲ್ಲ. ಬೇಸಗೆಯಲ್ಲಿ ಧೂಳು ಅಡುಗೆಮನೆಯವರೆಗೆ ಬರುತ್ತದೆ; ಮಳೆಗಾಲದಲ್ಲಿ ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಬಂದ ಗಾಡಿಯು ಕೆಸರಿನಲ್ಲಿ ಹೂತು ಬೀದಿಯ ಮೊದಲಲ್ಲಿಯೇ ನಿಲ್ಲುತ್ತದೆ. ಹಾಸು ಬೇಕೆಂಬುದರಲ್ಲಿ ಬೀದಿಯವರೆಲ್ಲರೂ ಒಂದೇ ಮತದವರು. ವಂತಿಗೆ ಎತ್ತುವ ದಿನ ಬಂದಾಗ ಮಾತ್ರ ಮನೆಗೊಂದು ಮತವಾಗುವುದು. ಇಲ್ಲಿ ವಿಚಾರಣೀಯವಾದ ಸಂಶಯಗಳು ನಾಲ್ಕು: ಹಾಸಬೇಕೆ ಬೇಡವೆ ಎಂಬುದು ಒಂದು, ವೆಚ್ಚವು ರಾಜಕೋಶದ್ದೋ ವಾಸಿಗಳದ್ದೋ ಎಂಬುದು ಎರಡನೆಯದು, ವಾಸಿಗಳದ್ದೆಂದರೆ ಯಾವ ಮಾನದಿಂದ ಪಾಲು ಹಾಕಬೇಕೆಂಬುದು ಮೂರನೆಯದು, ಒಪ್ಪದವನ ಗತಿಯೇನೆಂಬುದು ನಾಲ್ಕನೆಯದು. ಕೊನೆಯ ಎರಡೇ ನಿಜವಾದ ಗಂಟುಗಳು. ಮೊದಲನೆಯದನ್ನು ಜನರು ಸುಲಭವೆಂದು ಭಾವಿಸಿ ಬಿಟ್ಟುಬಿಡುವುದರಿಂದ ಆಗುವ ಅನರ್ಥವೂ ಅಲ್ಪವಲ್ಲ.

ಡಾಂಬರು ಬಿದ್ದೊಡನೆ ಬೀದಿಯು ಉದ್ಧಾರವಾಯಿತೆಂಬುದು ಭ್ರಮೆ. ಮೊಹೆಂಜೊದಾರೊವಿನ ಅಗೆತದಲ್ಲಿ ಕಂಡುಬಂದ ಬೀದಿಗಳು ಬಹುಮಟ್ಟಿಗೆ ಹಾಸಿಲ್ಲದ ಮಣ್ಣಿನವೇ ಆಗಿದ್ದುವು. ಆದರೆ ಅವುಗಳ ಚರಂಡಿಗಳನ್ನು ಸುಟ್ಟ ಇಟ್ಟಿಗೆಯಿಂದ ಕಟ್ಟಿ ಮೇಲೆ ಮುಚ್ಚಳ ಹೊದಿಸಿದ್ದರು. ಆ ಪುರದವರು ಮೊದಲು ಯಾವುದು, ಅನಂತರ ಯಾವುದು ಎಂಬುದನ್ನು ಬಲ್ಲವರಾಗಿದ್ದರೆಂದು ಇದರಿಂದ ಊಹಿಸಬಹುದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ರಸ್ತೆಗಳನ್ನು ತಿದ್ದಿದ ಜಾನ್ ಮೆಕಾಡಮನ (1756–1836) ಮತವೂ ಇದಕ್ಕೆ ಸಂವಾದಿಯಾಗಿದೆ. ಭಾರವನ್ನು ಹೊರುವುದು ಕಲ್ಲಲ್ಲ, ಕೆಳಗಣ ನೆಲ. ಆ ನೆಲವು ಒಣಗಿದ್ದರೆ ಎಷ್ಟು ಭಾರವನ್ನಾದರೂ ಹೊತ್ತೀತು. ಸಣ್ಣಗೆ ಒಡೆದ ಜಲ್ಲಿಯ ಹೊದಿಕೆಯ ಮುಖ್ಯ ಪ್ರಯೋಜನವು ನೀರು ಕೆಳಗಿಳಿಯದಂತೆ ಮಾಡುವುದೇ ಎಂಬುದು ಅವನ ಸಿದ್ಧಾಂತ. ರಸ್ತೆಯ ನಡುವನ್ನು ತುಸು ಉಬ್ಬಿಸಿ ನೀರನ್ನು ಎರಡು ಅಂಚುಗಳಿಗೆ ಹರಿಯಿಸಬೇಕೆಂದು ಅವನು ವಿಧಿಸಿದುದು ಇದಕ್ಕಾಗಿಯೇ.

ಮೇಲಾಗಿ ನೆಲವೆಲ್ಲವೂ ಒಂದೇ ಬಗೆಯದಲ್ಲ. ಉತ್ತರ ಕರ್ನಾಟಕದ ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದು. ಅದರ ಮೇಲೆ ತೆಳ್ಳಗೆ ಹಾಸಿದ ಕಾಂಕ್ರೀಟು ಕೆಲವೇ ವರ್ಷಗಳಲ್ಲಿ ಸೀಳುಬಿಡುವುದು. ದಕ್ಷಿಣದ ಕೆಂಪುನೆಲವು ಅಷ್ಟು ಚಂಚಲವಲ್ಲ. ಸಂಚಾರ ವಿರಳವಾದ ಕೆಂಪುನೆಲದ ಬೀದಿಗೆ ಎರಡು ಬದಿಯ ಚರಂಡಿ, ನಡುವೆ ಗರಸುಮಣ್ಣಿನ ಗಟ್ಟಿ ಹೊದಿಕೆ, ಇಷ್ಟೇ ಸಾಕಾಗುವುದುಂಟು. ಚರಂಡಿಯಿಲ್ಲದೆ ಹಾಸನ್ನು ಮಾತ್ರ ಹಾಕಿದರೆ ಆಗುವುದೇನು? ಮೊದಲು ಮಣ್ಣು ಹೀರುತ್ತಿದ್ದ ನೀರು ಈಗ ಮೇಲೆ ಹರಿದು ತಗ್ಗಿನ ಮನೆಯನ್ನು ಹೊಗುವುದು. ಹಳೆಯ ಹಾಸನ್ನು ಕೆತ್ತದೆ ಅದರ ಮೇಲೆಯೇ ಹೊಸ ಪದರವನ್ನು ಹಾಕುತ್ತ ಹೋದ ನಗರಗಳಲ್ಲಿ ಬೀದಿಯೇ ಹೊಸ್ತಿಲಿಗಿಂತ ಎತ್ತರವಾಗಿ, ಹಿಂದೆ ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಇಳಿದುಹೋಗಬೇಕಾಗಿರುವುದನ್ನು ಯಾರಾದರೂ ಕಾಣಬಹುದು. ಇಂತಹ ಮನೆಯ ಯಜಮಾನನು ವಂತಿಗೆ ಕೊಡಲಾರೆನೆಂದರೆ ಅವನನ್ನು ಜಿಪುಣನೆಂದು ಜರೆಯುವುದು ನ್ಯಾಯವಲ್ಲ. ಅವನು ಲಾಭಕ್ಕಲ್ಲ, ನಷ್ಟಕ್ಕೆ ಪಾಲು ಕೊಡಬೇಕಾಗಿ ಬಂದವನು.

ಇನ್ನು ಹೊಣೆಯ ವಿಚಾರ. ಇಲ್ಲಿ ಪೂರ್ವಪಕ್ಷಗಳು ಎರಡು. ತೆರಿಗೆಯನ್ನು ತೆಗೆದುಕೊಳ್ಳುವ ಅರಸನೇ, ಈಗಿನ ಕಾಲಕ್ಕೆ ಪುರಸಭೆಯೇ ಗ್ರಾಮಪಂಚಾಯಿತಿಯೇ, ಬೀದಿಯನ್ನು ಹಾಸಿಕೊಡಬೇಕೆಂಬುದು ಒಂದು. ಯಾರ ಮನೆಯ ಮುಂದಣ ನೆಲವೋ ಅವರೇ ಅದನ್ನು ಹಸನುಮಾಡಿಕೊಳ್ಳಬೇಕೆಂಬುದು ಇನ್ನೊಂದು. ಎರಡೂ ಕೇಳಲು ಇಂಪಾದವು. ಎರಡನ್ನೂ ಲೋಕವು ಪ್ರಯೋಗಿಸಿ ನೋಡಿದೆ.

ಎರಡನೆಯ ಪಕ್ಷದ ಪರೀಕ್ಷೆಯು ಲಂಡನ್ ನಗರದಲ್ಲಿ ನಡೆಯಿತು. ಅಲ್ಲಿ ಪ್ರತಿಯೊಬ್ಬ ಗೃಹಸ್ಥನೂ ತನ್ನ ಬಾಗಿಲ ಮುಂದಿನ ಬೀದಿಯ ಭಾಗವನ್ನು ತಾನೇ ಹಾಸಿ ಕಾಪಾಡಬೇಕೆಂಬ ಕಟ್ಟಳೆಯಿತ್ತು. ಸಿರಿವಂತನು ಒಳ್ಳೆಯ ಕಲ್ಲನ್ನು ಹಾಸಿದನು, ಪಕ್ಕದವನು ಸಿಕ್ಕಿದ ಕಲ್ಲನ್ನು ತುಂಬಿದನು, ಮೂರನೆಯವನು ಸುಮ್ಮನಿದ್ದನು. ಒಬ್ಬನ ಹಾಸು ಎತ್ತರ, ಇನ್ನೊಬ್ಬನದು ತಗ್ಗು. ತಗ್ಗಿನಲ್ಲಿ ನೀರು ನಿಂತಿತು. ಹೀಗೆ ಎಲ್ಲರೂ ಕರ್ತವ್ಯವನ್ನು ಮಾಡಿದರೂ ಬೀದಿಯು ಮಾತ್ರ ಆಗಲಿಲ್ಲ. ಕಡೆಗೆ 1762ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಹಾಸುಗಳ ಕಾಯಿದೆಯನ್ನು ಮಾಡಿ, ಕೆಲಸವನ್ನು ಕಮಿಷನರುಗಳಿಗೆ ಒಪ್ಪಿಸಿ, ಮನೆಯವರಿಂದ ಕಲ್ಲನ್ನಲ್ಲದೆ ಹಣವನ್ನು ತೆಗೆದುಕೊಳ್ಳುವ ಪದ್ಧತಿಯನ್ನು ತಂದರು. ಬೀದಿಯೆಂಬುದು ತುಂಡುತುಂಡಾಗಿ ಸಾಧ್ಯವಾಗುವ ವಸ್ತುವಲ್ಲವೆಂಬ ಸಂಗತಿಯು ಇದರಿಂದ ಸ್ಥಿರಪಟ್ಟಿತು. ವೆಚ್ಚವನ್ನು ಹಂಚಬಹುದು, ಕಾರ್ಯವನ್ನು ಹಂಚಲಾಗದು.

ಮೊದಲನೆಯ ಪಕ್ಷಕ್ಕಾದರೋ ಬೇರೆ ದೋಷವುಂಟು. ಬೊಕ್ಕಸದ ಹಣವು ಎಲ್ಲರದು. ಅದರಿಂದ ಒಂದು ಬೀದಿಯನ್ನು ಹಾಸಿದರೆ ಆ ಬೀದಿಯ ಸ್ವತ್ತುಗಳ ಬೆಲೆ ಏರುವುದು. ಇನ್ನೂ ಕೆಸರಿನಲ್ಲಿರುವ ಬೀದಿಯವರು ಆ ಏರಿಕೆಗೆ ತಾವು ದುಡ್ಡು ತೆತ್ತಂತಾಗುವುದು. ಸರದಿಯಂತೆ ಎಲ್ಲ ಬೀದಿಗಳಿಗೂ ಬರುವುದೆಂದು ಸಮಾಧಾನ ಹೇಳಬಹುದಾದರೂ ಸರದಿಯನ್ನು ನಿಶ್ಚಯಿಸುವುದು ಯಾರು? ಮಾತಿನ ಬಲವುಳ್ಳವರ ಬೀದಿಗೆ ಅದು ಮೊದಲು ಬರುವುದು ಲೋಕರೂಢಿ.

ಈ ಎರಡರ ನಡುವಣ ದಾರಿಯನ್ನು ರೋಮಕರ ಶಾಸನವೊಂದರಲ್ಲಿ ಕಾಣಬಹುದು. ದಕ್ಷಿಣ ಇಟಲಿಯ ಹೆರಾಕ್ಲಿಯದ ಬಳಿ 1732ರಲ್ಲಿ ದೊರೆತ ಕಂಚಿನ ಫಲಕದ ಮೇಲಿನ ಕಟ್ಟಳೆಯಿದು. ಕ್ರಿಸ್ತಪೂರ್ವ ಒಂದನೆಯ ಶತಮಾನದ್ದು. ಮನೆಯ ಮುಂದಿನ ಬೀದಿಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಗೃಹಸ್ಥನದು. ಅವನು ಮಾಡದಿದ್ದರೆ ನಗರಾಧಿಕಾರಿಯು ಗುತ್ತಿಗೆಗೆ ಕೊಟ್ಟು ಮಾಡಿಸಿ ಹಣವನ್ನು ಅವನಿಂದ ವಸೂಲುಮಾಡತಕ್ಕದ್ದು. ಮೂವತ್ತು ದಿನಗಳಲ್ಲಿ ಕೊಡದಿದ್ದರೆ ಅರ್ಧದಷ್ಟು ಹೆಚ್ಚಾಗಿ ತೆರತಕ್ಕದ್ದು. ಬೀದಿಯ ಒಂದು ಬದಿಯಲ್ಲಿ ದೇವಾಲಯವೋ ಸರ್ಕಾರಿ ಕಟ್ಟಡವೋ ಇದ್ದು ಇನ್ನೊಂದು ಬದಿಯಲ್ಲಿ ಖಾಸಗಿ ಮನೆಯಿದ್ದರೆ ಅರ್ಧ ವೆಚ್ಚವು ಸಾರ್ವಜನಿಕ ಧನದಿಂದ. ಈ ಕೊನೆಯ ಮಾತು ಗಮನಾರ್ಹವಾದುದು. ಸಾರ್ವಜನಿಕವೆಂಬುದು ತಾನೂ ಒಬ್ಬ ನೆರೆಯವನಂತೆ ಬೀದಿಯಲ್ಲಿ ಕುಳಿತು ತನ್ನ ಪಾಲನ್ನು ಕೊಡಬೇಕೆಂಬುದೇ ಇದರ ತಾತ್ಪರ್ಯ. ಈಗಿನ ಬಡಾವಣೆಗಳಲ್ಲಿ ಶಾಲೆ, ಉದ್ಯಾನ, ನೀರಿನ ತೊಟ್ಟಿ ಮೊದಲಾದವುಗಳ ಮುಂಭಾಗದ ವೆಚ್ಚವನ್ನು ಮನೆಯವರ ಮೇಲೆಯೇ ಹಂಚಿಬಿಡುವವರು ಇದನ್ನು ನೋಡಬೇಕು.

ಭಾರತದ ಶಾಸ್ತ್ರಗಳಲ್ಲಿ ಈ ವಿಷಯವುಂಟೆ? ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಬೀದಿಗಳ ಅಗಲವನ್ನು ದಂಡ ಮತ್ತು ಅರತ್ನಿಗಳ ಲೆಕ್ಕದಲ್ಲಿ ಹೇಳಿದೆ: ರಥ್ಯೆಗೆ ನಾಲ್ಕು ದಂಡ, ರಾಜಮಾರ್ಗಕ್ಕೆ ಎಂಟು ದಂಡ, ಕುರಿಗಳೂ ಕಾಲ್ನಡೆಯವರೂ ಹೋಗುವ ದಾರಿಗೆ ಎರಡು ಅರತ್ನಿ. ಇದು ಎಲ್ಲರೂ ಎತ್ತಿ ಹೇಳುವ ಭಾಗ. ಇದಕ್ಕಿಂತ ಪ್ರಕೃತಕ್ಕೆ ಹೆಚ್ಚು ಉಪಯುಕ್ತವಾದುದು ನಾಗರಿಕಪ್ರಣಿಧಿಯ ದಂಡವಿಧಾನ. ಬೀದಿಯಲ್ಲಿ ಕಸಮಣ್ಣು ಹಾಕಿದವನಿಗೆ ಪಣದ ಎಂಟನೆಯ ಒಂದು ಪಾಲು ದಂಡ; ಕೆಸರುನೀರನ್ನು ತಡೆದು ನಿಲ್ಲಿಸಿದವನಿಗೆ ಕಾಲುಪಣ; ರಾಜಮಾರ್ಗದಲ್ಲಾದರೆ ಇವುಗಳ ಎರಡರಷ್ಟು. ಕಸಕ್ಕಿಂತ ನೀರಿಗೆ ಇಮ್ಮಡಿ ದಂಡವನ್ನು ವಿಧಿಸಿದುದರಲ್ಲಿ ಮೆಕಾಡಮನು ಕಂಡ ತತ್ತ್ವವೇ ಅಡಗಿರುವುದೆಂದು ಹೇಳಿದರೆ ಸಾಹಸವಾಗಲಾರದು.

ಆದರೆ ಹಾಸಿನ ವೆಚ್ಚವನ್ನು ಹೀಗೆ ಹಂಚಬೇಕೆಂಬ ಸ್ಪಷ್ಟ ವಿಧಿಯು ಅಲ್ಲಿ ಇಲ್ಲ. ಅದನ್ನು ಸಂಭೂಯಕಾರ್ಯದ, ಎಂದರೆ ಹಲವರು ಕೂಡಿ ಮಾಡುವ ಕೆಲಸದ, ಪ್ರಕರಣಗಳಿಂದ ಊಹಿಸಬೇಕಾಗಿದೆ. ಜನಪದನಿವೇಶದಲ್ಲಿ ಕೌಟಿಲ್ಯನು ಎರಡು ಮಾತುಗಳನ್ನು ಹೇಳುತ್ತಾನೆ. ಜನರು ತಾವೇ ಸೇತುವನ್ನು ಕಟ್ಟಲು ಮುಂದಾದರೆ ಅರಸನು ನೆಲ, ದಾರಿ, ಮರ, ಸಲಕರಣೆಗಳನ್ನು ಕೊಟ್ಟು ಅನುಗ್ರಹಿಸಬೇಕು. ಕೂಡಿ ಕಟ್ಟುವ ಸೇತುವಿನಿಂದ ಒಬ್ಬನು ಹಿಂದೆಸರಿದರೆ ಅವನ ಆಳುಗಳೂ ಎತ್ತುಗಳೂ ಕೆಲಸ ಮಾಡಬೇಕು. ವೆಚ್ಚದಲ್ಲಿ ಅವನಿಗೆ ಭಾಗವುಂಟು, ಫಲದಲ್ಲಿ ಇಲ್ಲ. ಇಲ್ಲಿ ಸೇತುವೆಂದರೆ ನೀರಿನ ಕಟ್ಟೆ. ಧರ್ಮಸ್ಥೀಯದ ವಾಸ್ತುಕಪ್ರಕರಣದ ಕೊನೆಯಲ್ಲಿಯಂತೂ ದೇಶಕ್ಕೆ ಹಿತವಾದ ಸೇತುಗಳನ್ನೂ ದಾರಿಯ ಮೇಲಣ ಸಂಕ್ರಮಗಳನ್ನೂ ಊರಿನ ಅಂದವನ್ನೂ ಕಾವಲನ್ನೂ ಕೂಡಿ ಏರ್ಪಡಿಸುವವರಿಗೆ ಅರಸನು ಪ್ರಿಯವನ್ನೂ ಹಿತವನ್ನೂ ಮಾಡಬೇಕೆಂದು ಸ್ಪಷ್ಟವಾಗಿಯೇ ಇದೆ. ದಾರಿಯ ಸಂಕ್ರಮವೂ ಊರಿನ ಶೋಭೆಯೂ ಇದರಲ್ಲಿ ಸೇರಿರುವುದರಿಂದ ಬೀದಿಯ ಹಾಸನ್ನೂ ಇದೇ ವರ್ಗಕ್ಕೆ ತರಲು ಅಡ್ಡಿಯಿಲ್ಲ. ಇದರಿಂದ ಹೊರಡುವ ಸಿದ್ಧಾಂತವು: ಮೊದಲ ಹೆಜ್ಜೆ ಬೀದಿಯವರದು, ಒದಗುವ ನೆರವು ಅರಸನದು, ಹಿಂದೆಸರಿದವನಿಗೂ ವೆಚ್ಚ ತಪ್ಪದು.

ಇಲ್ಲೊಂದು ಆಕ್ಷೇಪವು ಸಹಜವಾದುದು. ಕೆರೆಯ ನೀರನ್ನು ಪಾಲುಕೊಡದವನ ಗದ್ದೆಗೆ ಬಿಡದೆ ನಿಲ್ಲಿಸಬಹುದು; ಊರಿನ ಆಟವನ್ನು, ವಂತಿಗೆ ಕೊಡದವನು ನೋಡಬಾರದೆಂದು ಕೌಟಿಲ್ಯನೇ ಹೇಳಿರುವಂತೆ, ನೋಡಗೊಡದೆ ಇರಬಹುದು. ಬೀದಿಯಲ್ಲಿ ಅದು ಹೇಗೆ ಸಾಧ್ಯ? ಪಾಲು ಕೊಡದವನ ಮಗುವು ಶಾಲೆಗೆ ಹೋಗುವಾಗ ಹಾಸಿನ ಮೇಲೆ ಕಾಲಿಡಬಾರದೆನ್ನಲಾದೀತೆ? ಫಲವನ್ನು ತಡೆಯಲಾಗದ ಕಾರ್ಯಗಳಲ್ಲಿ ವೆಚ್ಚವನ್ನು ತಪ್ಪಿಸಿಕೊಳ್ಳುವ ಆಸೆ ಬಲವಾಗಿರುವುದು. ಒಬ್ಬನು ತಪ್ಪಿಸಿಕೊಂಡುದನ್ನು ಕಂಡು ಇನ್ನೊಬ್ಬನು ಕೈಹಿಂದೆಗೆಯುವನು. ಕೊಡಲು ಸಿದ್ಧನಾಗಿದ್ದವನೂ ತಾನೊಬ್ಬನೇ ಮರುಳನಾಗಲೇಕೆಂದು ಕುಳಿತುಬಿಡುವನು. ಎಲ್ಲರಿಗೂ ಬೇಕಾದ ಬೀದಿಯು ಇಪ್ಪತ್ತು ವರ್ಷ ಮಣ್ಣಾಗಿಯೇ ಉಳಿಯುವುದು ಹೀಗೆ. ಆದಕಾರಣವೇ ಆ ಆಟದ ಪ್ರಕರಣದಲ್ಲಿ ಮರೆಯಲ್ಲಿ ನಿಂತು ಕೇಳಿದವನ ಜೊತೆಗೆ ಸರ್ವಹಿತವಾದ ಕಾರ್ಯಕ್ಕೆ ಅಡ್ಡಬಂದವನನ್ನೂ ಸೇರಿಸಿ, ಅವನು ಪಾಲಿನ ಇಮ್ಮಡಿಯನ್ನು ಕೊಡಬೇಕೆಂದು ವಿಧಿಸಿದೆ. ರೋಮಕರದು ಒಂದೂವರೆಯಷ್ಟು, ಕೌಟಿಲ್ಯನದು ಎರಡರಷ್ಟು, ತತ್ತ್ವ ಒಂದೇ.

ಬಲಾತ್ಕಾರದ ಮಾತು ಬಂದ ಮೇಲೆ ಅದರ ಮೇರೆಯನ್ನೂ ವಿಚಾರಿಸಬೇಕು. ಬೃಹಸ್ಪತಿಸ್ಮೃತಿಯು ಸಮಗ್ರವಾಗಿ ದೊರೆತಿಲ್ಲ. ನಿಬಂಧಕಾರರು ಎತ್ತಿಕೊಂಡಿರುವ ವಚನಗಳನ್ನು ಕೂಡಿಸಿ ಕೆ. ವಿ. ರಂಗಸ್ವಾಮಿ ಅಯ್ಯಂಗಾರ್ಯರು 1941ರಲ್ಲಿ ಬರೋಡದ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಅದರ ಸಮಯಕ್ರಿಯಾಭಾಗದಲ್ಲಿ ಸಭಾಮಂಟಪ, ಅರವಟಿಗೆ, ದೇವಾಲಯ, ಕೆರೆ, ತೋಪು ಇವುಗಳ ಜೀರ್ಣೋದ್ಧಾರವನ್ನೂ ಅನಾಥದರಿದ್ರರ ಸಂಸ್ಕಾರವನ್ನೂ ಜನರು ಅಂಶಾನುಸಾರವಾಗಿ ಮಾಡುವೆವೆಂದು ಬರೆದುಕೊಂಡ ಒಡಂಬಡಿಕೆಯು ಧರ್ಮ್ಯವೆಂದೂ ಅದನ್ನು ಎಲ್ಲರೂ ಪಾಲಿಸಬೇಕೆಂದೂ ಹೇಳಿ, ಸಮರ್ಥನಾಗಿದ್ದೂ ತಪ್ಪಿದವನಿಗೆ ಸರ್ವಸ್ವಹರಣವನ್ನೂ ಪುರದಿಂದ ಹೊರದೂಡುವಿಕೆಯನ್ನೂ ವಿಧಿಸಿದೆ. ದಂಡವು ಅತಿ ಕಠಿನ. ಇಂದು ಹಾಸಿನ ವಂತಿಗೆಗಾಗಿ ಯಾರನ್ನೂ ಊರು ಬಿಡಿಸಲಾಗದು. ಆದರೆ ದಂಡದ ಕಾಠಿನ್ಯವನ್ನು ನೋಡಿ ಬೆಚ್ಚುವವರು ‘ಸಮರ್ಥ’ ಎಂಬ ಒಂದು ಪದವನ್ನು ಗಮನಿಸದೆ ಹೋಗುತ್ತಾರೆ. ದಂಡವು ಶಕ್ತನಾಗಿದ್ದೂ ಕೊಡದವನಿಗೆ, ಅಶಕ್ತನಿಗಲ್ಲ. ಇನ್ನು ಒಡಂಬಡಿಕೆಯು ಬರೆಹದಲ್ಲಿರಬೇಕೆಂಬುದೂ ಪಾಲುಗಳು ಮೊದಲೇ ನಿರ್ಣಯವಾಗಿರಬೇಕೆಂಬುದೂ ಆ ವಚನದಿಂದಲೇ ಸಿದ್ಧಿಸುವುವು. ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಸಾಮಯಿಕಧರ್ಮಕ್ಕೆ ಗೋವುಗಳ ಮೇವುನೆಲ, ನೀರಿನ ರಕ್ಷಣೆ, ದೇವಾಲಯಪಾಲನೆ ಮೊದಲಾದವುಗಳನ್ನು ಉದಾಹರಿಸುತ್ತಾನೆ. ಬೀದಿಯ ಹೆಸರು ಎರಡು ಕಡೆಗಳಲ್ಲಿಯೂ ಇಲ್ಲ. ಮಿತಾಕ್ಷರೆಯ ‘ಆದಿ’ ಶಬ್ದದಲ್ಲಿ ಅದನ್ನು ಅಡಗಿಸಬಹುದು.

ಪಾಲಿನ ಮಾನವೇನೆಂಬುದು ಇನ್ನು ಉಳಿದಿದೆ. ಶಾಸ್ತ್ರವು ‘ಅಂಶಾನುಸಾರ’ ಎಂದು ಹೇಳಿ ಸುಮ್ಮನಾಯಿತು. ಅಂಶವನ್ನು ಅಳೆಯುವ ಕೋಲನ್ನು ಹುಡುಕಿದವರು ಈಚಿನವರು. ಇಂಗ್ಲೆಂಡಿನಲ್ಲಿ 1892ರ ಖಾಸಗಿ ಬೀದಿಗಳ ಕಾಯಿದೆಯು ವೆಚ್ಚವನ್ನು ಸ್ವತ್ತುಗಳ ಮುಂಭಾಗದ ಉದ್ದವನ್ನನುಸರಿಸಿ ಹಂಚತಕ್ಕದ್ದೆಂದೂ, ಬೇಕಾದರೆ ಪ್ರತಿಯೊಂದು ಸ್ವತ್ತಿಗೆ ಆಗುವ ಪ್ರಯೋಜನದ ತಾರತಮ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದೆಂದೂ ಏರ್ಪಡಿಸಿತು. ಅಮೆರಿಕ ಸಂಯುಕ್ತಸಂಸ್ಥಾನದಲ್ಲಿ ಇದೇ ವಿಷಯವು ಪರಮೋಚ್ಚ ನ್ಯಾಯಾಲಯಕ್ಕೇ ಹೋಯಿತು. ಒಹೈಯೊ ಪ್ರಾಂತ್ಯದ ನಾರ್ವುಡ್ ಎಂಬ ಊರು ಬೇಕರ್ ಎಂಬಾಕೆಯ ನೆಲದ ಮೂಲಕ ಬೀದಿಯನ್ನು ತೆಗೆದು, ಕಳೆದುಕೊಂಡ ನೆಲಕ್ಕೆ ಆಕೆಗೆ ಪರಿಹಾರವನ್ನು ಕೊಟ್ಟು, ಆ ಪರಿಹಾರದ ಮೊತ್ತವನ್ನೂ ವ್ಯವಹಾರದ ಖರ್ಚನ್ನೂ ಆಕೆಯ ಉಳಿದ ನೆಲದ ಮೇಲೆಯೇ ಹೊರಿಸಿತು! ಬಲಗೈಯಿಂದ ಕೊಟ್ಟುದನ್ನು ಎಡಗೈಯಿಂದ ಕಿತ್ತುಕೊಂಡಂತಾಯಿತು. 1898ರಲ್ಲಿ ನ್ಯಾಯಾಲಯವು, ಸ್ವತ್ತಿಗೆ ಆದ ವಿಶೇಷ ಪ್ರಯೋಜನವನ್ನು ಗಣನೀಯವಾಗಿ ಮೀರಿದ ಭಾರವು ಪರಿಹಾರವಿಲ್ಲದೆ ಸ್ವತ್ತನ್ನು ಅಪಹರಿಸಿದುದಕ್ಕೆ ಸಮಾನವೆಂದು ತೀರ್ಮಾನಿಸಿತು. ಮೂರು ವರ್ಷಗಳ ಮೇಲೆ, 1901ರಲ್ಲಿ, ಕ್ಯಾನ್ಸಾಸ್ ನಗರದ ಡಾಂಬರು ಬೀದಿಯೊಂದರ ವಿಷಯದಲ್ಲಿ, ಮುಂಭಾಗದ ಅಡಿಗಿಷ್ಟೆಂದು ವೆಚ್ಚವನ್ನು ಹಂಚಿದುದು ನ್ಯಾಯವೇ ಎಂದು ಅದೇ ನ್ಯಾಯಾಲಯ ಒಪ್ಪಿತು. ಈ ಎರಡು ತೀರ್ಪುಗಳಿಗೆ ವಿರೋಧವನ್ನು ಕಲ್ಪಿಸಿದವರುಂಟು. ವಿಷಯಭೇದದಿಂದ ಪರಿಹರಿಸಬಹುದು: ಒಂದರಲ್ಲಿ ಇಡೀ ಭಾರವು ಒಬ್ಬಳ ಮೇಲೆ ಬಿದ್ದಿತ್ತು, ಇನ್ನೊಂದರಲ್ಲಿ ಒಂದು ಮಾನದಿಂದ ಎಲ್ಲರ ಮೇಲೆಯೂ ಹಂಚಿತ್ತು.

ಮಾನಗಳ ಗುಣದೋಷವು ಲೆಕ್ಕವನ್ನು ಮಾಡಿದ ಹೊರತು ಮನಸ್ಸಿಗೆ ಹತ್ತದು. ಉದಾಹರಣೆಗಾಗಿ 400 ಅಡಿ ಉದ್ದದ ಒಂದು ಬೀದಿಯನ್ನು ಕಲ್ಪಿಸಿಕೊಳ್ಳಬಹುದು. ಇಕ್ಕೆಲವೂ ಸೇರಿ ಮುಂಭಾಗ 800 ಅಡಿ; ಮನೆ ನಿವೇಶನಗಳು ಕೂಡಿ 20 ಸ್ವತ್ತುಗಳು. ಹಾಸಿಗೂ ಚರಂಡಿಗೂ ಎಂಟು ಲಕ್ಷ ರೂಪಾಯಿ ಆಗುವುದೆಂದೂ, ಅರ್ಧವನ್ನು ಸ್ಥಳೀಯ ಸಂಸ್ಥೆಯೇ ಹೊರುವುದೆಂದೂ ಇಟ್ಟುಕೊಂಡರೆ ಬೀದಿಯವರ ಪಾಲು ನಾಲ್ಕು ಲಕ್ಷ. ಸ್ವತ್ತಿಗೊಂದು ಸಮಪಾಲೆಂದರೆ ತಲೆಗೆ 20,000. ಅಡಿಯ ಲೆಕ್ಕವೆಂದರೆ ಅಡಿಗೆ 500. ಮೂವತ್ತಡಿ ಮುಂಭಾಗದ ಸಣ್ಣ ಮನೆಗೆ ಸಮಪಾಲಿನಲ್ಲಿ 20,000, ಅಡಿಯ ಲೆಕ್ಕದಲ್ಲಿ 15,000. ಎಂಬತ್ತಡಿಯ ಹಳೆಯ ತೊಟ್ಟಿಮನೆಗೆ ಅಡಿಯ ಲೆಕ್ಕದಲ್ಲಿ 40,000; ಆದರೆ ಅದರಲ್ಲಿ ವಾಸವಾಗಿರುವವಳು ಗಂಡನ ಪಿಂಚಣಿಯಲ್ಲಿ ಬಾಳುವ ಒಬ್ಬ ವಿಧವೆಯಾಗಿರಬಹುದು. ಮೂಲೆಯ ಮನೆಯೊಂದಕ್ಕೆ ಬಾಗಿಲು ಬೇರೆ ಬೀದಿಗಿದ್ದು 60 ಅಡಿಯ ಪಕ್ಕದ ಗೋಡೆ ಮಾತ್ರ ಈ ಬೀದಿಗಿದೆ. ಅಡಿಯ ಲೆಕ್ಕದಲ್ಲಿ ಅದಕ್ಕೆ 30,000. ಬಾಗಿಲೇ ಇಲ್ಲದ ಬೀದಿಗೆ ಬಾಗಿಲಿದ್ದವನಿಗಿಂತ ಇಮ್ಮಡಿ ತೆರುವುದೆಂದರೆ ಆ ಯಜಮಾನನು ಸಭೆಯಲ್ಲಿ ಎದ್ದುನಿಲ್ಲದಿರುವನೆ? ಇನ್ನು 40 ಅಡಿಯ ಖಾಲಿ ನಿವೇಶನದವನು ಬೇರೆ ಊರಿನಲ್ಲಿರುವನು. ತನಗೆ ಕೆಸರಿಲ್ಲ, ಧೂಳಿಲ್ಲ, ಹಾಸೂ ಬೇಡವೆನ್ನುವನು. ಬೀದಿಯವರೆಲ್ಲರಲ್ಲಿಯೂ ಶುದ್ಧ ಲಾಭವು ಅವನಿಗೇ ಎಂಬುದು ಮರೆಯಬಾರದ ಸಂಗತಿ. ಉಳಿದವರಿಗೆ ಬರುವುದು ಸುಖ, ಅವನಿಗೆ ಬರುವುದು ಬೆಲೆ.

ಅರ್ಧವನ್ನು ಅಡಿಯ ಮೇಲೆಯೂ ಅರ್ಧವನ್ನು ಸ್ವತ್ತಿನ ಮೇಲೆಯೂ ಹಂಚಿದರೆ ಸಣ್ಣ ಮನೆಗೆ 17,500, ಮೂಲೆಯ ಮನೆಗೆ 25,000, ಖಾಲಿ ನಿವೇಶನಕ್ಕೆ 20,000, ತೊಟ್ಟಿಮನೆಗೆ 30,000 ಆಗುವುದು. ಇದೂ ದೋಷರಹಿತವೆಂದಲ್ಲ. ಬೀದಿಗೆ ಬಾಗಿಲಿಲ್ಲದ ಪಕ್ಕದ ಗೋಡೆಯ ಅಡಿಯನ್ನು ಅರ್ಧವಾಗಿ ಎಣಿಸುವುದು ಇನ್ನೂ ಲೇಸು. ವಿಧವೆಯ ಪ್ರಶ್ನೆಯು ಮಾತ್ರ ಯಾವ ಮಾನದಿಂದಲೂ ಬಗೆಹರಿಯದು. ಏಕೆಂದರೆ ಅವಳ ಮನೆಗೆ ಪ್ರಯೋಜನವುಂಟು, ಅವಳ ಕೈಯಲ್ಲಿ ಹಣವಿಲ್ಲ. ಪ್ರಯೋಜನವು ಬೇರೆ, ಸಾಮರ್ಥ್ಯವು ಬೇರೆ. ಇಲ್ಲಿ ಬೃಹಸ್ಪತಿಯ ಪದವು ಕೆಲಸಕ್ಕೆ ಬರುವುದು. ಪಾಲನ್ನು ಮನ್ನಿಸುವುದಲ್ಲ, ಕಾಲವನ್ನು ಮನ್ನಿಸುವುದು ಯುಕ್ತ: ಕಂತುಗಳಲ್ಲಿ ತೆಗೆದುಕೊಳ್ಳುವುದು, ಇಲ್ಲವೆ ಆ ಮೊತ್ತವನ್ನು ಮನೆಯ ಮೇಲಿನ ಭಾರವಾಗಿ ಬರೆದಿಟ್ಟು ಮನೆಯು ಮಾರಾಟವಾದಾಗ ವಸೂಲುಮಾಡುವುದು. ಇಂಗ್ಲೆಂಡಿನ ಕಾಯಿದೆಯಲ್ಲಿ ಹಾಸಿನ ವೆಚ್ಚವು ಸ್ವತ್ತಿನ ಮೇಲಣ ಭಾರವಾಗುವ ಏರ್ಪಾಡು ಉಂಟು. ಈ ಒಂದು ಸೌಕರ್ಯವಿಲ್ಲದೆ ಹೋದರೆ ಬಹುಮತದ ನಿರ್ಣಯವು ಬಡವನನ್ನು ತನ್ನ ಬೀದಿಯಿಂದಲೇ ಹೊರಡಿಸುವ ಉಪಾಯವಾಗಿಬಿಡುವುದು. ಬೃಹಸ್ಪತಿಯು ತಪ್ಪಿದ ಶಕ್ತನಿಗೆ ವಿಧಿಸಿದ ನಿರ್ವಾಸನವು ತಪ್ಪಿಲ್ಲದ ಅಶಕ್ತನಿಗೆ ಸಂದಂತಾಗುವುದು.

ಹಣಕ್ಕೆ ಬದಲಾಗಿ ಮೈಗೆಲಸವನ್ನು ಕೊಡಬಹುದಲ್ಲವೆ ಎಂದರೆ, ಅದರ ಚರಿತ್ರೆಯು ಒಳ್ಳೆಯದಲ್ಲ. ಇಂಗ್ಲೆಂಡಿನಲ್ಲಿ 1555ರ ಕಾಯಿದೆಯಿಂದ ವರ್ಷಕ್ಕೆ ನಾಲ್ಕು ದಿನ, 1563ರಿಂದ ಆರು ದಿನ, ಊರಿನವರು ರಸ್ತೆಗೆ ದುಡಿಯಬೇಕಾಗಿತ್ತು. 1835ರಲ್ಲಿ ಅದನ್ನು ತೆಗೆದು ತೆರಿಗೆಯನ್ನು ಹಾಕಿದರು. ಇಲ್ಲಿ ಸಂಸ್ಕೃತದ ‘ವಿಷ್ಟಿ’ಯು ಕನ್ನಡದಲ್ಲಿ ‘ಬಿಟ್ಟಿ’ಯಾಗಿ, ಕೂಲಿಯಿಲ್ಲದೆ ದುಡಿಸಿಕೊಳ್ಳುವುದಕ್ಕೆ ಹೆಸರಾಗಿ, ಕ್ರಮೇಣ ಬೆಲೆಯಿಲ್ಲದೆ ಸಿಕ್ಕುವ ವಸ್ತುವಿಗೂ ಅದೇ ಮಾತು ಸಂದಿತು. ಒಬ್ಬನಿಗೆ ಬಿಟ್ಟಿಯಾಗಿ ಸಿಕ್ಕುವುದು ಇನ್ನೊಬ್ಬನ ಬಿಟ್ಟಿಯಿಂದಲೇ ಎಂಬುದನ್ನು ಭಾಷೆಯು ಮರೆತಿಲ್ಲ.

ಕರ್ನಾಟಕದ ಈಗಿನ ಸ್ಥಿತಿಯಲ್ಲಿ ಈ ಪ್ರಶ್ನೆಯು ತೀವ್ರವಾಗಿರುವುದು ಊರಂಚಿನ ಬಡಾವಣೆಗಳಲ್ಲಿ. 1961ರಲ್ಲಿ ಮೈಸೂರಿನ ಹೆಸರಿನಲ್ಲಿ ಹುಟ್ಟಿ ಈಗ ಕರ್ನಾಟಕದ ಹೆಸರನ್ನು ಹೊತ್ತಿರುವ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಂತೆ, ನೆಲವನ್ನು ನಿವೇಶನಗಳಾಗಿ ಒಡೆಯುವವನು ಅನುಮೋದನೆಯನ್ನು ಪಡೆದು ಬೀದಿ ಉದ್ಯಾನಗಳ ನೆಲವನ್ನು ಸಾರ್ವಜನಿಕ ಸಂಸ್ಥೆಗೆ ಬಿಟ್ಟುಕೊಡಬೇಕು. ಅನುಮೋದನೆಯಿಲ್ಲದೆ ಕಂದಾಯದ ನೆಲದಲ್ಲಿ ಎದ್ದ ಬಡಾವಣೆಗಳಲ್ಲಿ ಈ ಕ್ರಿಯೆಯು ನಡೆದಿರುವುದಿಲ್ಲ. ಮಾರಿದವನು ಹಣದೊಡನೆ ಹೋದನು. ಕೊಂಡವರು ಮಣ್ಣಿನೊಡನೆ ಉಳಿದರು. ಬೀದಿಯು ಕಾಗದದಲ್ಲಿ ಯಾರಿಗೂ ಸೇರದೆ ನಿಂತಿರುವಾಗ ಸ್ಥಳೀಯ ಸಂಸ್ಥೆಯು ಅದು ತನ್ನದಲ್ಲವೆನ್ನುವುದು, ವಾಸಿಗಳು ತೆರಿಗೆ ಕೊಡುತ್ತಿರುವೆವೆನ್ನುವರು. ಇಂತಹ ಕಡೆ ಹಾಸಿನ ಮಾತಿಗೆ ಮುಂಚೆ ಸ್ವಾಮ್ಯದ ನಿರ್ಣಯವಾಗಬೇಕು. ಪರರ ನೆಲಕ್ಕೆ ಹಾಸಿದ ಕಲ್ಲಿಗೆ ಒಡೆತನವಿಲ್ಲ.

2007ರಲ್ಲಿ ಏಳು ನಗರಸಭೆಗಳೂ ಒಂದು ಪುರಸಭೆಯೂ ನೂರಕ್ಕೆ ಮೇಲ್ಪಟ್ಟ ಹಳ್ಳಿಗಳೂ ಸೇರಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯಾದಾಗ ಇಂತಹ ಬೀದಿಗಳು ರಾಶಿರಾಶಿಯಾಗಿ ನಗರದೊಳಕ್ಕೆ ಬಂದುವು. ನಿವೇಶನದ ವಿಸ್ತೀರ್ಣಕ್ಕೆ ಇಷ್ಟೆಂದು ಸುಧಾರಣಾ ಶುಲ್ಕವನ್ನು ತೆಗೆದುಕೊಳ್ಳುವ ಪದ್ಧತಿಯು ಅಲ್ಲಿ ನಡೆಯಿತು. ವಿಸ್ತೀರ್ಣದ ಮಾನವು ಅಡಿಯ ಮಾನಕ್ಕಿಂತ ಬೇರೆ. ಆಳವಾದ ನಿವೇಶನಕ್ಕೆ ಅದರಲ್ಲಿ ಭಾರ ಹೆಚ್ಚು. ಆದರೆ ಮುಖ್ಯವಾದ ಭೇದವು ಅದಲ್ಲ. ಬೀದಿಯವರು ಕೂಡಿ ಬರೆದುಕೊಂಡ ಒಡಂಬಡಿಕೆಯಲ್ಲಿ ಕೊಟ್ಟ ಹಣವು ಕಣ್ಣಮುಂದಿನ ಕಲ್ಲಾಗುವುದು. ಶುಲ್ಕವಾಗಿ ಕೊಟ್ಟ ಹಣವು ಸಮುದ್ರಕ್ಕೆ ಸೇರಿದ ಹೊಳೆಯಂತೆ ಗುರುತು ಸಿಕ್ಕದು. ಬೀದಿಬೀದಿಗೆ ಲೆಕ್ಕವನ್ನು ಬೇರೆಯಾಗಿ ಇಟ್ಟು, ಕೂಡಿದುದೆಷ್ಟು, ವೆಚ್ಚವಾದುದೆಷ್ಟು ಎಂಬುದನ್ನು ಅದೇ ಬೀದಿಯಲ್ಲಿ ಪ್ರಕಟಿಸಿದರೆ ವಸೂಲಿಯ ಅರ್ಧ ತೊಡಕು ಕಳೆಯುವುದು. ಆ ಹಳ್ಳಿಗಳಿಗೆ ನೀರನ್ನು ಕೊಡುವ ಕಾವೇರಿ ಐದನೆಯ ಹಂತವು 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ಮೊದಲು ಕೊಳವೆಗಳನ್ನು ಹೂಳುವುದಕ್ಕಾಗಿ ಹಾಸಿದ ಬೀದಿಗಳನ್ನೂ ಅಗೆಯಬೇಕಾಯಿತು. ಕೊಳವೆ ಮೊದಲು, ಹಾಸು ಆಮೇಲೆ ಎಂಬ ಕ್ರಮವು ತಪ್ಪಿದರೆ ವಂತಿಗೆಯನ್ನು ಎರಡು ಸಲ ಎತ್ತಬೇಕಾಗುವುದು.

ಕೊನೆಯದಾಗಿ ಯೋಗಕ್ಷೇಮದ ಮಾತು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಉಳಿಸಿಕೊಳ್ಳುವುದು ಕ್ಷೇಮ. ಸಭೆ ಸೇರಿಸುವವರೆಲ್ಲರೂ ಯೋಗವನ್ನೇ ಚರ್ಚಿಸುತ್ತಾರೆ. ಕನ್ನಡನಾಡಿನ ಶಾಸನಗಳಲ್ಲಿ ಕೆರೆಯ ವಿಷಯವು ಹೀಗಿಲ್ಲ. ಕೆರೆಯನ್ನು ಕಟ್ಟಿದವನಿಗೂ ಕಾಪಾಡುವವನಿಗೂ ಬಿತ್ತುವಟ್ಟವೆಂದೂ ಕಟ್ಟುಗೊಡಗೆಯೆಂದೂ ನೆಲವನ್ನು ಬಿಟ್ಟುದು ಅವುಗಳಲ್ಲಿ ಹೇರಳವಾಗಿ ಕಾಣುತ್ತದೆ. ಹೂಳನ್ನು ಹೊರುವ ಬಂಡಿಗೂ ಅದನ್ನು ಎಳೆಯುವ ಕೋಣಗಳಿಗೂ ಏರ್ಪಾಡು ಮಾಡಿದ ಶಾಸನಗಳುಂಟು. ಬೀದಿಗೆ ಬಿತ್ತುವಟ್ಟವಿಲ್ಲ. ಇಂದು ಬಿಡಲು ನೆಲವಿಲ್ಲದಿದ್ದರೂ, ವಂತಿಗೆ ಎತ್ತುವಾಗಲೇ ಹತ್ತರಲ್ಲೊಂದು ಪಾಲನ್ನು ಬೇರೆಯಿಟ್ಟು ಅದರ ಬಡ್ಡಿಯಿಂದ ವರ್ಷವರ್ಷವೂ ಮಳೆಗಾಲಕ್ಕೆ ಮುಂಚೆ ಚರಂಡಿಯ ಹೂಳನ್ನು ತೆಗೆಸಿ ಬಿರುಕುಗಳನ್ನು ತುಂಬಿಸಬಹುದು. ಮೇಲಿನ ಉದಾಹರಣೆಯ ಬೀದಿಯಲ್ಲಿ ಅದು ನಾಲ್ಕು ಲಕ್ಷಕ್ಕೆ ನಲವತ್ತು ಸಾವಿರವಾಗುವುದು. ಸ್ವತ್ತಿಗೆ ಸರಾಸರಿ ಎರಡು ಸಾವಿರ. ಕೊಳವೆಗೋ ತಂತಿಗೋ ಬೀದಿಯನ್ನು ಅಗೆಯುವವರು ಮೊದಲಿನಂತೆ ಮುಚ್ಚಿಕೊಡುವವರೆಗೆ ಠೇವಣಿಯನ್ನು ಇಡತಕ್ಕದ್ದೆಂಬ ಕಟ್ಟಳೆಯನ್ನೂ ಒಡಂಬಡಿಕೆಯ ಕಾಗದದಲ್ಲಿಯೇ ಬರೆದು, ಸ್ಥಳೀಯ ಸಂಸ್ಥೆಯ ಒಪ್ಪಿಗೆಯನ್ನು ಪಡೆದು, ಆ ಮೇಲೆ ಗುದ್ದಲಿಯನ್ನು ಎತ್ತುವುದು ಯುಕ್ತ.